ಆಲೆಮನೆಯ ಹಿಂಬದಿಯ ಮನೆ

ಕಳೆದ ವರ್ಷ ಮಂಡ್ಯದ ಸಭಾಂಗಣವೊಂದರಲ್ಲಿ ನನಗೆ ಶಾಲು ಹೊದಿಸಿದರು. ಹೊದಿಸುವ ಮೊದಲು ನನ್ನನ್ನು ಪರಿಚಯಿಸಿದ ಕಾಲೇಜು ಅಧ್ಯಾಪಕರು, ನನ್ನ ಮಗನ ವಯಸ್ಸಿನವರು, ಬಹಳ ಅಕ್ಕರೆಯಿಂದಲೇ, "ಇವರು ಹೊರಗಿನಿಂದ ಬಂದವರು, ಆದರೂ ನಮ್ಮ ಭಾಷೆಗೆ ಇಷ್ಟೊಂದು ಪತ್ತೇದಾರಿ ಕಾದಂಬರಿಗಳನ್ನು ಕೊಟ್ಟಿದ್ದಾರೆ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಆ ಮಾತನ್ನೂ ಮಡಿಸಿ ಅದರ ಪಕ್ಕದಲ್ಲಿಟ್ಟೆ. ಕೊತ್ತತ್ತಿಯ ಕಡೆಯಿಂದ ನಾಲೆಯ ಏರಿಯ ಮೇಲೆ ಕಾರು ಓಡಿಸಿಕೊಂಡು ಬಂದುದಾಗಿ ಆ ಅಧ್ಯಾಪಕರೇ ಸ್ವಲ್ಪ ಮುಂಚೆ ಹೇಳಿದ್ದರು. ಆ ಏರಿಗೆ ಮಣ್ಣು ಹೊತ್ತ ಹೆಂಗಸರಲ್ಲಿ ನನ್ನ ಪಾಟಿ ಒಬ್ಬಳು. ಪಾಟಿ ಎಂದರೆ ನನ್ನ ತಂದೆಯ ತಾಯಿ. ಸೇಲಂ ಸೀಮೆಯಿಂದ ಗಂಡನ ಹಿಂದೆ ನಡೆದು ಬಂದು, ತಲೆಯ ಮೇಲೆ ಸಿಂಬಿ ಇಟ್ಟು, ಈ ಜಿಲ್ಲೆಗೆ ನೀರು ಹರಿಯುವ ದಾರಿಯನ್ನು ಬುಟ್ಟಿಬುಟ್ಟಿಯಾಗಿ ಕಟ್ಟಿದವಳು. ನಾಲೆ ಮುಗಿದಾಗ ಅವಳ ಜೊತೆಗೆ ಬಂದವರೆಲ್ಲ ಊರಿಗೆ ಮರಳಿದರು. ಅವಳು ಮರಳಲಿಲ್ಲ. ಕೆಲಸದ ನಡುವೆ ಕೆಮ್ಮು ಹತ್ತಿ ಸತ್ತ ಗಂಡನನ್ನು ಆ ಏರಿಯ ಕೆಳಗೇ ಮಣ್ಣು ಮಾಡಿದ್ದಳು. ಸತ್ತವನನ್ನು ಒಂಟಿಯಾಗಿ ಬಿಟ್ಟು ಹೋಗುವುದು ಹೇಗೆ ಎಂಬುದೊಂದೇ ಅವಳ ವಾದವಾಗಿತ್ತು. ಹೊರಗಿನವರು ಎಂಬ ಮಾತಿಗೆ ನಾನು ಆ ಸಭೆಯಲ್ಲಿ ಉತ್ತರ ಕೊಡಲಿಲ್ಲ. ವೇದಿಕೆಯ ಮೇಲೆ ಉತ್ತರ ಕೊಡುವುದು ನಮ್ಮ ಮನೆಯ ಪದ್ಧತಿಯಲ್ಲ. ನಮ್ಮ ಮನೆಯಲ್ಲಿ ಉತ್ತರ ಕೊಡುತ್ತಿದ್ದ ರೀತಿಯೇ ಬೇರೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಳೆದ ಮನೆ ಕೆಂಪಯ್ಯನವರ ಆಲೆಮನೆಯ ಹಿಂಬದಿಯಲ್ಲಿತ್ತು. ಕಬ್ಬು ಅರೆದು ಬೆಲ್ಲ ಮಾಡುವ ಆ ಚಪ್ಪರಕ್ಕೂ ನಮ್ಮ ಗೋಡೆಗೂ ನಡುವೆ ಒಂದು ಹೊಂಗೆಮರದ ನೆರಳಿನಷ್ಟೇ ಅಂತರ. ಒಂದು ಕೋಣೆ, ಅದರ ಮುಂದೆ ಮಣ್ಣಿನ ಜಗಲಿ, ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಹಸುವಿನ ಗೊಂತು. ರಾತ್ರಿ ಮಲಗಿದರೆ ಹಸುವಿನ ಉಸಿರು ನಮ್ಮ ಪಾದಗಳಿಗೆ ತಾಗುತ್ತಿತ್ತು. ಸುಗ್ಗಿಯ ತಿಂಗಳುಗಳಲ್ಲಿ ಗೋಡೆಯೇ ಬೆಚ್ಚಗಿರುತ್ತಿತ್ತು, ಏಕೆಂದರೆ ಅದರ ಆಚೆಗೆ ಕೊಪ್ಪರಿಗೆಯ ಒಲೆ ಉರಿಯುತ್ತಿತ್ತು. ಬಟ್ಟೆ, ಕೂದಲು, ಪುಸ್ತಕ, ಎಲ್ಲಕ್ಕೂ ಬೆಲ್ಲದ ಹೊಗೆಯ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನನ್ನ ಜಡೆಯನ್ನು ಮೂಸಿ ನೋಡಿ, "ನೆಕ್ಕಿದ್ರೆ ಸಿಹಿಯಾಗಿದ್ದೀಯೇನೇ?" ಎಂದು ಕೇಳುತ್ತಿದ್ದಳು. ಅವಳ ತಾಯಿ ಬಂದು ಅವಳನ್ನು ಬೇರೆ ಸಾಲಿಗೆ ಕೂರಿಸಿದಳು. ಆ ತಾಯಿಯ ಹೆಸರು ನನಗೆ ಇಂದಿಗೂ ನೆನಪಿದೆ, ಬರೆಯುವುದಿಲ್ಲ. ಊರು ನಮ್ಮನ್ನು 'ಕೊಂಗರ ಮನೆಯೋರು' ಎನ್ನುತ್ತಿತ್ತು. ಹೆಚ್ಚಿನವರು ಅದನ್ನು ಬೈಗುಳವೆಂದು ತಿಳಿದು ಹೇಳುತ್ತಿರಲಿಲ್ಲ, ಗುರುತಿಗಾಗಿ ಹೇಳುತ್ತಿದ್ದರು. ಯಾರು ಗುರುತಿಗಾಗಿ ಹೇಳಿದರು, ಯಾರು ಬೈಗುಳವಾಗಿ ಹೇಳಿದರು ಎಂಬುದನ್ನು ಧ್ವನಿಯಿಂದಲೇ ಬೇರ್ಪಡಿಸುವುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತೆ. ಹೊಳೆಯ ನೀರಿನ ವಿಷಯ ಬಿಸಿಯೇರಿದ ವರ್ಷಗಳಲ್ಲಿ ಎರಡೂ ಧ್ವನಿಗಳು ಒಂದೇ ಆಗುತ್ತಿದ್ದವು. ಆಗ ಪಾಟಿ ಸಂತೆಗೆ ಹೋಗುವಾಗ ಮೂಗುಬೊಟ್ಟು ಬಿಚ್ಚಿಟ್ಟು ಹೋಗುತ್ತಿದ್ದಳು.

ಹೊಸ್ತಿಲ ಒಳಗೆ ತಮಿಳು, ಹೊರಗೆ ಕನ್ನಡ. ಇದು ಯಾರೂ ಮಾಡದ ನಿಯಮ. ಅಪ್ಪ ಇಲ್ಲೇ ಹುಟ್ಟಿದವನಾದ್ದರಿಂದ ಅವನ ಕನ್ನಡ ಕೆಂಪಯ್ಯನವರ ಕನ್ನಡದಷ್ಟೇ ಒರಟಾಗಿತ್ತು. ಅಮ್ಮ ಮದುವೆಯಾಗಿ ಬಂದವಳು, ಕನ್ನಡವನ್ನು ತುಂಬಿದ ಕೊಡದಂತೆ ಹುಷಾರಾಗಿ ಎತ್ತಿ ನಡೆಯುತ್ತಿದ್ದಳು. ಊಟದ ವಿಷಯದಲ್ಲಿ ಮಾತ್ರ ಅಮ್ಮ ಯಾರಿಗೂ ಬಾಗಲಿಲ್ಲ. ಊರೆಲ್ಲ ಮುದ್ದೆ ಉಸ್ಸಾರು ಉಣ್ಣುವಾಗ ನಮ್ಮ ಮನೆಯಲ್ಲಿ ಹುಣಸೆಯ ಕುದಿ ಏಳುತ್ತಿತ್ತು. ಹುಣಸೆ ಗೊಜ್ಜು, ಹುಣಸೆ ಹಾಕಿದ ಹುರುಳಿ, ಹಬ್ಬಕ್ಕೆ ಹುಣಸೆ ಅನ್ನ. ಬೆಲ್ಲ ಕಾಯಿಸುವವನ ಮನೆಯಲ್ಲಿ ಹುಣಸೆ ಇರುವುದು ಸಣ್ಣ ವಿಷಯವಲ್ಲ. ಹುಳಿ ತಾಗಿದರೆ ಪಾಕ ಕಟ್ಟುವುದಿಲ್ಲ, ಅಂಟಾಗಿಯೇ ಉಳಿಯುತ್ತದೆ ಎಂಬುದು ಆಲೆಮನೆಯ ಮಗುವಿಗೂ ತಿಳಿದ ಮಾತು. ಅದಕ್ಕೇ ಕಬ್ಬಿನ ಹಾಲಿಗೆ ಸುಣ್ಣ ಹಾಕುತ್ತಾರೆ. ಆದ್ದರಿಂದ ಅಮ್ಮನ ಅಡುಗೆಮನೆಗೆ ಒಂದು ಆಚಾರವಿತ್ತು. ಹುಣಸೆಯ ಗಡಿಗೆ ಆಲೆಮನೆಗೆ ಬೆನ್ನು ಹಾಕಿದ ಗೋಡೆಗೆ ತೂಗುತ್ತಿತ್ತು. ಬಾಗಿಲ ಬಳಿ ಸುಣ್ಣದ ತಿಳಿನೀರಿನ ಬೋಗುಣಿ. ಊಟವಾದ ಮೇಲೆ ಅದರಲ್ಲಿ ಕೈ ಅದ್ದಿ, ಬೂದಿಯಲ್ಲಿ ಉಜ್ಜಿ, ಮತ್ತೆ ನೀರಲ್ಲಿ ತೊಳೆಯದೆ ಅಪ್ಪ ಹೊಸ್ತಿಲು ದಾಟುತ್ತಿರಲಿಲ್ಲ. ದೇವರ ಮನೆಗೆ ಹೋಗುವವರೂ ಅಷ್ಟು ಶುದ್ಧರಾಗುವುದನ್ನು ನಾನು ಕಂಡಿಲ್ಲ.

ಅಪ್ಪ ಪಾಕ ನೋಡುವವನು. ಗಾಣಕ್ಕೆ ಕಬ್ಬು ಕೊಡುವವರು, ಸಿಪ್ಪೆ ಒಣಗಿಸುವವರು, ಒಲೆಗೆ ಉರಿ ಹಾಕುವವರು ಬೇರೆ ಇದ್ದರು. ಆದರೆ ಕೊಪ್ಪರಿಗೆ ಇಳಿಸುವ ಗಳಿಗೆಯನ್ನು ಹೇಳುವವನು ಅಪ್ಪ ಒಬ್ಬನೇ. ಹಾಲು ಕುದಿಯತೊಡಗಿದಾಗ ಬೆಂಡೆಗಿಡದ ಲೋಳೆ ಹಾಕಿ ಕೊಳೆಯನ್ನು ಮೇಲೆತ್ತುತ್ತಿದ್ದ. ಆಮೇಲೆ ಹಸಿರು ಹೋಗಿ ಹಳದಿ, ಹಳದಿ ಹೋಗಿ ಜೇನಿನ ಬಣ್ಣ. ಗುಳ್ಳೆಗಳು ಮೊದಲು ಕಡಲೆಯಷ್ಟು, ಆಮೇಲೆ ನಿಂಬೆಯಷ್ಟು, ಕೊನೆಗೆ ಒಂದು ಬಸಿರಿಯ ಹೊಟ್ಟೆಯಂತೆ ನಿಧಾನವಾಗಿ ಉಬ್ಬಿ ನಿಟ್ಟುಸಿರು ಬಿಟ್ಟು ಒಡೆಯುವಂಥವು. ಆ ನಿಟ್ಟುಸಿರಿಗಾಗಿ ಅಪ್ಪ ಕಿವಿಗೊಟ್ಟು ನಿಲ್ಲುತ್ತಿದ್ದ. ತಣ್ಣೀರಲ್ಲಿ ಬೆರಳು ಅದ್ದಿ, ಕುದಿಯುವ ಪಾಕದಿಂದ ಒಂದು ಚಿಟಿಕೆ ಎತ್ತಿ, ಮತ್ತೆ ನೀರಲ್ಲಿ ಉರುಳಿಸಿ, ಆ ಉಂಡೆಯನ್ನು ತಟ್ಟೆಗೆ ಎಸೆಯುತ್ತಿದ್ದ. ಅದು ಕಲ್ಲಿನಂತೆ ಸದ್ದು ಮಾಡಿದರೆ, "ಇಳಿಸಿ". ಅಷ್ಟೇ ಮಾತು. ಆ ಒಂದು ಮಾತಿಗೆ ಅಷ್ಟೂ ಆಳುಗಳು ಏಕಕಾಲಕ್ಕೆ ಬಾಗಿ ಕೊಪ್ಪರಿಗೆಯನ್ನು ಎತ್ತಿ ಮರಿಗೆಗೆ, ಎಂದರೆ ಮರದ ಆ ಅಗಲ ತೊಟ್ಟಿಗೆ, ಸುರಿಯುತ್ತಿದ್ದರು. ನೀರಿನಂತಿದ್ದದ್ದು ಕಣ್ಣೆದುರೇ ಕಲ್ಲಾಗುವುದನ್ನು ನಾನು ನೂರಾರು ಸಲ ಕಂಡಿದ್ದೇನೆ, ಒಂದು ಸಲವೂ ಅದು ನನಗೆ ಹಳತಾಗಲಿಲ್ಲ. ಬರೆಯುವುದೆಂದರೆ ಏನೆಂದು ಕೇಳುವವರಿಗೆ ನಾನು ಬೇರೆ ಯಾವ ಉತ್ತರವನ್ನೂ ಇಟ್ಟುಕೊಂಡಿಲ್ಲ. ಬೆಲ್ಲ ಕಟ್ಟಿದ ಮೇಲೆ, ಅಚ್ಚಿಗೆ ಹಾಕುವ ಮೊದಲು, ಒಂದು ಪಾಲು ಒಲೆಯ ಬಳಿಯ ಕಲ್ಲುದೇವರಿಗೆ, ಒಂದು ಪಾಲು ಕಬ್ಬು ಯಾರದೋ ಅವರ ಕೈಗೆ. ಈ ಮೊದಲ ಪಾಲು ಕೊಡದೆ ಮರಿಗೆಯನ್ನು ತೊಳೆಯುವಂತಿಲ್ಲ. ಅದನ್ನು ಕಬ್ಬಿನ ಒಡೆಯ ಬೇಡವೆನ್ನುವಂತೆಯೂ ಇಲ್ಲ. ಬೇಡವೆಂದರೆ ಅವನ ಹೊಲದ ಕೂಳೆ, ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ, ಚಿಗುರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಪೂರ್ತಿ ಬಿಟ್ಟಿದ್ದೇನೆಂದು ಈಗಲೂ ಹೇಳಲಾರೆ.

ಆ ದಿನ ಕೆಂಪಯ್ಯನವರು ಮಂಡ್ಯಕ್ಕೆ ಹೋಗಿದ್ದರು. ಹಿಂದಿನ ದಿನವೂ ಅಲ್ಲೇ ಇದ್ದರು, ಯಾವುದೋ ಕಚೇರಿ ಕೆಲಸ. ಆಲೆಮನೆಯ ಉಸ್ತುವಾರಿಯನ್ನು ಹೆಂಡತಿಯ ತಮ್ಮ ನಿಂಗರಾಜುವಿಗೆ ಒಪ್ಪಿಸಿದ್ದರು. ನಿಂಗರಾಜು ಮಳವಳ್ಳಿ ಕಡೆಯವನು, ಅಕ್ಕನ ಮನೆಗೆ ಬಂದರೆ ವಾರಗಟ್ಟಲೆ ನಿಲ್ಲುವವನು, ನಗಿಸುವವನು. ಅಪ್ಪನನ್ನು 'ಕೊಂಗಣ್ಣ' ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಮಧ್ಯಾಹ್ನ ಕೆಂಪಯ್ಯನವರು ಬಸ್ಸಿಳಿದು ಬರುವ ಹೊತ್ತಿಗೆ ಪಾಕ ಮರಿಗೆಯಲ್ಲಿತ್ತು. ಅಪ್ಪ ಮರದ ಗೋರುಗೋಲಿನಿಂದ ಅದನ್ನು ತಿರುವುತ್ತಿದ್ದ, ತಿರುವುತ್ತಲೇ ಇದ್ದ. ಅದು ಕಟ್ಟಲಿಲ್ಲ. ಬಿಸಿ ಆರಿತು, ಬಣ್ಣ ಕಪ್ಪಾಯಿತು, ಬೆರಳಿಟ್ಟರೆ ಬೆರಳಿನ ಹಿಂದೆ ದಾರವಾಗಿ ಎಳೆದುಕೊಂಡು ಬಂತು. ಅಪ್ಪನ ಕೈಯಲ್ಲಿ ಅದುವರೆಗೆ ಅಂಥದ್ದು ಆಗಿರಲಿಲ್ಲ. ಅವನು ತಟ್ಟೆಯ ಮೇಲಿನ ಉಂಡೆಯನ್ನು ಕೆಂಪಯ್ಯನವರಿಗೆ ತೋರಿಸಿ, ಪಾಕದಲ್ಲಿ ತಪ್ಪಿಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಿಂಗರಾಜು ಹೊಂಗೆಮರದ ಕೆಳಗಿನಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿ ತಂದು ಎಲ್ಲರಿಗೂ ತೋರಿಸಿದ. ಹಳದಿ ಬಣ್ಣದ ನಾಲ್ಕು ಅಗುಳು. ಅಮ್ಮ ಆ ಬೆಳಿಗ್ಗೆ ಅಪ್ಪನ ಬುತ್ತಿಗೆ ಹುಣಸೆ ಅನ್ನ ಕಟ್ಟಿದ್ದಳು, ಅಪ್ಪ ಅದನ್ನು ಮರದ ನೆರಳಲ್ಲಿ ಕೂತು ಉಂಡಿದ್ದ.

"ನೋಡು ಭಾವ, ಹುಳಿ ತಿನ್ನೋರ ಕೈಗೆ ಸಿಹಿ ಕೊಟ್ರೆ ಇನ್ನೇನಾಯ್ತದೆ? ಕೈ ತೊಳ್ದವ್ನೊ ಇಲ್ವೊ, ಕೇಳು ಕೊಂಗಣ್ಣನ."

"ತೊಳ್ದಿದ್ದೀನಿ ಬುದ್ದಿ" ಎಂದ ಅಪ್ಪ.

"ತೊಳ್ದಿದ್ರೆ ಕಟ್ಬೇಕಾಗಿತ್ತಲ್ಲಾ" ಎಂದರು ಕೆಂಪಯ್ಯ. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಅದು ಇನ್ನೂ ಕೆಟ್ಟದ್ದು. "ನಮ್ಮಪ್ಪನ ಕಾಲದಿಂದ ಈ ಜಾಗದಲ್ಲಿದ್ದೀರ, ನಾನೇನೂ ಅಂದಿಲ್ಲ. ಈ ಸಂತೆ ಒಳ್ಗೆ ಮನೆ ಬುಟ್ಬುಡಿ. ಬ್ಯಾರೆಯವನ್ನ ನೋಡ್ಕತೀನಿ."

"ನಮ್ಮ ಮಳವಳ್ಳಿ ಕಡೆ ಒಬ್ಬ ಅವ್ನೆ ಭಾವ. ಕರ್ಕಬತ್ತೀನಿ" ಎಂದ ನಿಂಗರಾಜು.

ಗೋಡೆಯ ಈಚೆ ನಮಗೆ ಎಲ್ಲವೂ ಕೇಳಿಸಿತ್ತು. ಅಪ್ಪ ಒಳಗೆ ಬಂದು, ಕುಳಿತುಕೊಳ್ಳದೆ, ಅಮ್ಮನನ್ನು ಕೇಳಿದ. ಆ ಜಗಳದ ಒಂದೊಂದು ಮಾತೂ ನನಗೆ ಸ್ಪಷ್ಟವಾಗಿದೆ, ಏಕೆಂದರೆ ಅದು ನಮ್ಮ ಮನೆಯ ಒಳಗೆ ಕನ್ನಡದಲ್ಲಿ ನಡೆದ ಮೊದಲ ಜಗಳ.

"ಬುತ್ತಿ ಎಲ್ ಮಡಗಿದ್ದೆ? ಕೊಪ್ಪರಿಗೆ ತಾವ ಮಡಗಿದ್ಯಾ?"

ಅಮ್ಮ ತಮಿಳಿನಲ್ಲಿ ಹೇಳಿದಳು: "ಮರದ ಕೆಳಗೆ ನಿನ್ನ ಕೈಗೇ ಕೊಟ್ಟೆ."

"ಸೆರಗಿಗೆ ಕೈ ಒರಸ್ಕಂಡು ಮರಿಗೆ ಮುಟ್ಟಿದ್ಯಾ? ನಿಜ ಏಳು."

ಅಮ್ಮ ಒಲೆಯ ಮುಂದಿನಿಂದ ಎದ್ದಳು. ಅವಳು ಗಂಡನ ಎದುರು ಅಷ್ಟು ನೇರವಾಗಿ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಅವರು ಕೇಳಲಿ, ಉತ್ತರ ಹೇಳುತ್ತೇನೆ. ನೀನು ಅವರ ಮಾತಿನಲ್ಲಿ ನನ್ನನ್ನು ಕೇಳಬೇಡ" ಎಂದಳು. ಆಮೇಲೆ ಗೋಡೆಯಿಂದ ಹುಣಸೆಯ ಗಡಿಗೆಯನ್ನು ಇಳಿಸಿ, ಹಿತ್ತಿಲಿಗೆ ಒಯ್ದು, ಒಡೆಯದೆ, ಚೆಲ್ಲದೆ, ಬಾಯಿ ಮುಚ್ಚಿ ಇಟ್ಟು ಬಂದಳು. ಒಲೆಯ ಬೂದಿಯನ್ನು ಪೂರ್ತಿ ತೆಗೆದು ಗುಡಿಸಿದಳು. ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದಳು. ನನಗೆ ತಿಳಿದಿದ್ದುದು ಮೂರೇ. ನಾವು ಈ ಮನೆಯನ್ನು ಬಿಡಬೇಕು, ಬಿಟ್ಟರೆ ಹೋಗಲು ನಮಗೆ ಎಲ್ಲಿಯೂ ಜಾಗವಿಲ್ಲ, ಮತ್ತು ಅದಕ್ಕೆ ಕಾರಣ ನನ್ನ ಅಮ್ಮ ಎಂದು ಊರೆಲ್ಲ ಹೇಳುತ್ತದೆ. ಮನೆ ಹೋಗುವುದಕ್ಕಿಂತ ಆ ಮೂರನೆಯದು ನನ್ನ ಎದೆಯ ಮೇಲೆ ಹೆಚ್ಚು ಭಾರವಾಗಿ ಕೂತಿತು.

ಪಾಟಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅಮ್ಮ ಗೋಣಿಯ ಬಾಯಿ ಕಟ್ಟುವಾಗ ಪಾಟಿ ನನ್ನನ್ನು ಹತ್ತಿರ ಕರೆದು, ನಮ್ಮ ಭಾಷೆಯಲ್ಲಿ ಕೇಳಿದಳು:

"ನಿನ್ನೆ ಸಂಜೆ ಹಸುವಿಗೆ ಏನು ಹಾಕಿದೆ?"

"ಒಣಹುಲ್ಲು."

"ಸೋಗೆ ಯಾಕೆ ಹಾಕಲಿಲ್ಲ?"

"ಇರಲಿಲ್ಲ ಪಾಟಿ."

ಕಬ್ಬು ಕಡಿದ ದಿನ ಮೇಲಿನ ಹಸಿ ಸೋಗೆಯನ್ನು ಕತ್ತರಿಸಿ ಆಲೆಮನೆಯ ಬೇಲಿಯ ಬಳಿ ರಾಶಿ ಹಾಕುತ್ತಿದ್ದರು. ಸುತ್ತಲಿನ ಹಸು ಎಮ್ಮೆಗಳಿಗೆಲ್ಲ ಅದೇ ಮೇವು. ಹೊರೆ ಕಟ್ಟಿ ತರುವುದು ನನ್ನ ಕೆಲಸ. ಆ ದಿನ ರಾಶಿಯೇ ಚಿಕ್ಕದಿತ್ತು, ಸಂಜೆ ನಾನು ಹೋಗುವಷ್ಟರಲ್ಲಿ ಬೇರೆಯವರು ಅಷ್ಟನ್ನೂ ಒಯ್ದಿದ್ದರು. ನಾನು ಬರಿಗೈಯಲ್ಲಿ ಬಂದಿದ್ದೆ. ಪಾಟಿ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು. ಗಾಣದ ಮುಂದೆ ಅಷ್ಟು ದೊಡ್ಡ ಕಬ್ಬಿನ ರಾಶಿ, ಬೇಲಿಯ ಬಳಿ ಇಷ್ಟು ಚಿಕ್ಕ ಸೋಗೆಯ ರಾಶಿ. ಹಾಗಾದರೆ ಉಳಿದ ಕಬ್ಬಿನ ಸೋಗೆಯನ್ನು ಯಾವ ಊರಿನ ಹಸು ತಿಂದಿತು? ಅವಳು ಇಷ್ಟನ್ನೇ ಕೇಳಿದಳು, ನನ್ನನ್ನಲ್ಲ, ಗಾಳಿಯನ್ನು. ನನಗೆ ಆ ಕ್ಷಣದಲ್ಲಿ ಆದದ್ದನ್ನು ವಿವರಿಸಲು ಇಡೀ ಬಾಳು ಸಾಲದಾಗಿದೆ. ಇರುವುದನ್ನು ನೋಡುವುದನ್ನು ಎಲ್ಲರೂ ನನಗೆ ಕಲಿಸಿದ್ದರು, ಇಲ್ಲದ್ದನ್ನು ನೋಡಬಹುದೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನನ್ನ ಕಾದಂಬರಿಗಳ ಪತ್ತೇದಾರಿಣಿ ಹೆಣದ ಕಡೆ ತಿರುಗದೆ ಕೊಟ್ಟಿಗೆಯನ್ನು ವಿಚಾರಿಸುತ್ತಾಳೆಂದು ಬೆಂಗಳೂರಿನ ವಿಮರ್ಶಕರೊಬ್ಬರು ಹಾಸ್ಯ ಮಾಡಿ ಬರೆದಿದ್ದರು. ಆ ಲೇಖನವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅವರು ಎಂದಾದರೂ ಹಸು ಸಾಕಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಪಾಟಿ ಕೋಲೂರಿಕೊಂಡು ಆಲೆಮನೆಗೆ ಹೋದಳು, ನಾನು ಹಿಂದೆ ಹೋದೆ. ಗಾಣದ ಹಿಂಬದಿಯಲ್ಲಿ ಅರೆಯದೆ ಉಳಿದ ಒಂದಷ್ಟು ಕಬ್ಬು ಬಿದ್ದಿತ್ತು. ಒಂದನ್ನು ಎತ್ತಿ ಮುರಿದು ಮೂಸಿದಳು, ನನಗೂ ಕೊಟ್ಟಳು. ಕಡಿದ ತುದಿ ಕೆಂಪಾಗಿ ಒಣಗಿತ್ತು, ಹೆಂಡದಂಗಡಿಯ ಮುಂದೆ ಹಾದುಹೋಗುವಾಗಿನ ವಾಸನೆ ಇತ್ತು. ಕಡಿದು ದಿನಗಟ್ಟಲೆ ಬಿಸಿಲಲ್ಲಿ ಕಾದ ಕಬ್ಬು ತನ್ನೊಳಗೇ ಹುಳಿಯಾಗುತ್ತದೆ, ಅದಕ್ಕೆ ಹುಣಸೆ ಬೇಕಿಲ್ಲ. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಸಿದ್ದಣ್ಣ ಅಲ್ಲೇ ಹಗ್ಗ ಸುತ್ತುತ್ತಿದ್ದ. ಪಾಟಿ ಕೇಳಿದಳು:

"ಸಿದ್ದಣ್ಣ, ಈ ಕಬ್ಬು ಎಲ್ಲಿದು?"

ಸಿದ್ದಣ್ಣ ಹಗ್ಗದಿಂದ ಕಣ್ಣೆತ್ತಲಿಲ್ಲ. "ನನ್ನ ಕೇಳ್ಬ್ಯಾಡ ಕಣಮ್ಮ. ನಂಗೂ ಎಂಡ್ರು ಮಕ್ಳು ಅವ್ರೆ."

"ಸರಿ ಬಿಡಪ್ಪಾ" ಎಂದಳು ಪಾಟಿ, ಅವನು ಎಲ್ಲವನ್ನೂ ಹೇಳಿಬಿಟ್ಟನೆಂಬಂತೆ. ಮನೆಗೆ ಬರುವಾಗ ನನಗೆ ಬಿಡಿಸಿ ಹೇಳಿದಳು. ಕಬ್ಬು ಹೊರಗಿನ ರೈತನದಾಗಿದ್ದರೆ ಸಿದ್ದಣ್ಣ ಹೆಸರು ಹೇಳುತ್ತಿದ್ದ. ಕೆಂಪಯ್ಯನದೇ ಆಗಿದ್ದರೆ ಕೆಂಪಯ್ಯನದು ಎನ್ನುತ್ತಿದ್ದ. ಅವನು ಹೆದರುವುದು ಆ ಮನೆಯ ಇನ್ನೊಬ್ಬನಿಗೆ. ಧಣಿ ಮಂಡ್ಯಕ್ಕೆ ಹೋದ ದಿನ ಇಲ್ಲಿ ಗಾಡಿ ಇಳಿಸಿಕೊಳ್ಳುವ ಅಧಿಕಾರ ಇದ್ದದ್ದು ಯಾರಿಗೆ? ನಾನು ಹೆಸರು ಹೇಳಿದೆ. ಪಾಟಿ ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ನಾವು ಹೇಳಬಾರದು. ನಾವು ಹೇಳಿದರೆ ಅದು ಹೊರಗಿನವರು ಮನೆಯವನ ಮೇಲೆ ಹೊರಿಸಿದ ದೂರು ಆಗುತ್ತದೆ. ಅವನೇ ಹೇಳಬೇಕು."

ಮರುದಿನ ಬೆಳಿಗ್ಗೆ ಕೆಂಪಯ್ಯನವರು ಆಳುಗಳೊಡನೆ ಮರಿಗೆ ತೊಳೆಸಲು ಬಂದರು. ನಿಂಗರಾಜು ಕಂಬಕ್ಕೆ ಒರಗಿ ಬೀಡಿ ಹಚ್ಚಿದ್ದ. ನಮ್ಮ ಗೋಣಿಗಳು ಜಗಲಿಯ ಮೇಲೆ ಸಾಲಾಗಿ ಕೂತಿದ್ದವು, ಅಮ್ಮ ಅವುಗಳ ಪಕ್ಕದಲ್ಲಿ ಇನ್ನೊಂದು ಗೋಣಿಯಂತೆ ಕೂತಿದ್ದಳು. ಊರಿನ ನಾಲ್ಕಾರು ಜನ, ಕೊಂಗರು ಮನೆ ಬಿಡುವುದನ್ನು ನೋಡಲು, ಏನೋ ಕೆಲಸವಿದ್ದವರಂತೆ ಅಡ್ಡಾಡುತ್ತಿದ್ದರು. ಪಾಟಿ ಬಾಳೆಯೆಲೆಯ ಮೂರು ತುಂಡು ಕೈಯಲ್ಲಿ ಹಿಡಿದು ಆಲೆಮನೆಯ ಒಳಗೆ ಹೋಗಿ ಮರಿಗೆಯ ಮುಂದೆ ಕೂತಳು.

"ಸಾಮಿ, ತೊಳಿಯೋಕೆ ಮುಂಚೆ ಮೊದಲ ಪಾಲು ಕೊಡಬೇಕಲ್ಲ."

"ಕಟ್ದೆ ಇರೋ ಬೆಲ್ಲಕ್ಕೆ ಎಂತಾ ಪಾಲು ಕಣಮ್ಮ?" ಎಂದರು ಕೆಂಪಯ್ಯ.

"ಕಟ್ಟಲಿಲ್ಲ ಅಂದ್ರೆ ಅದು ಲಕ್ಷ್ಮಿ ಅಲ್ಲ ಅಂತ ಆಗೋಯ್ತದಾ ಸಾಮಿ?"

ಕೆಂಪಯ್ಯನವರು ಆ ಮಾತಿಗೆ ಎದುರಾಡುವವರಲ್ಲ. "ಕೊಟ್ಬುಡು ಅತ್ಲಾಗೆ" ಎಂದರು. ನಿಂಗರಾಜು ಹೊಗೆ ಬಿಟ್ಟು ಆಳುಗಳ ಕಡೆ ತಿರುಗಿದ. "ಮುದ್ಕಿ ಅಂಟು ಹಂಚಕೆ ಬಂದವ್ಳೆ ಕಣ್ರಲಾ. ಈಸ್ಕಂಡೋರು ಕೈ ತೊಳ್ಯಕೆ ಒಂದು ನಾಲೆ ಸಾಲಕಿಲ್ಲ." ಆಳುಗಳು ನಕ್ಕರು. ಸಿದ್ದಣ್ಣ ನಗಲಿಲ್ಲ.

ಪಾಟಿ ಮೊದಲ ತುಂಡಿಗೆ ಆ ಕಪ್ಪು ಪಾಕವನ್ನು ಎರಡು ಬೆರಳಲ್ಲಿ ಎಳೆದು ಹಾಕಿ ಕಲ್ಲುದೇವರ ಮುಂದೆ ಇಟ್ಟಳು. ಎರಡನೆಯದನ್ನು ಎರಡೂ ಕೈಯಲ್ಲಿ ಕೆಂಪಯ್ಯನವರಿಗೆ ಕೊಟ್ಟಳು. ಅವರು ಚಪ್ಪಲಿ ಬಿಟ್ಟು, ಕಣ್ಣಿಗೆ ಒತ್ತಿಕೊಂಡು, ಬೆರಳಿಂದ ತುಸು ನಾಲಿಗೆಗೆ ಹಚ್ಚಿಕೊಂಡರು. ಅಷ್ಟಕ್ಕೆ ಮುಗಿಯಿತೆಂದು ಎಲ್ಲರೂ ತಿರುಗಿದರು. ಪಾಟಿ ಮೂರನೆಯ ತುಂಡನ್ನು ತುಂಬುತ್ತಿದ್ದಳು.

"ಅದ್ಯಾರ್ಗೆ?" ಎಂದರು ಕೆಂಪಯ್ಯ.

"ಹಿಂದುಗಡೆ ಇದ್ದ ಕಬ್ಬಿಗೆ ಸಾಮಿ. ಯಾರ ಹೊಲದ್ದೋ ನಾನು ಕಾಣೆ. ಹೊಲದವರು ಬಂದು ಈಸ್ಕೊಳ್ಳಲಿ. ಯಾರೂ ಬರಲಿಲ್ಲಾಂದ್ರೆ ನಾಲೆ ತಾಯಿಗೆ ಬಿಟ್ಟುಬಿಡ್ತೀನಿ."

ಮೊದಲ ಪಾಲನ್ನು ನೀರಿಗೆ ಬಿಡುವುದೆಂದರೆ ಕಬ್ಬಿನ ಒಡೆಯ ಅದನ್ನು ಬೇಡವೆಂದಂತೆಯೇ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ತಿಳಿದಿತ್ತು. ಪಾಟಿ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ಎದ್ದಳು. ಯಾರ ಮುಖವನ್ನೂ ನೋಡಲಿಲ್ಲ. ಕೋಲನ್ನು ಅಲ್ಲೇ ಬಿಟ್ಟು, ತನ್ನ ಕಾಲಿನ ವೇಗದಲ್ಲಿ, ಹೊಂಗೆಮರವನ್ನು ದಾಟಿ ಏರಿಯ ಕಡೆ ನಡೆದಳು. ಎಲ್ಲರೂ ಅವಳ ಹಿಂದೆ ಬಂದರು, ಏಕೆ ಬರುತ್ತಿದ್ದೇವೆಂದು ಯೋಚಿಸದೆ ಬಂದರು. ತಾನು ಮಣ್ಣು ಹೊತ್ತು ಕಟ್ಟಿದ ಏರಿಯನ್ನು ಅವಳು ಅಂಗೈ ಅಲುಗದಂತೆ ಹತ್ತಿದಳು. ಆ ಬೆನ್ನನ್ನು ನಾನು ಈಗಲೂ ಕಾಣಬಲ್ಲೆ. ಬಾಗಿದ, ರವಿಕೆಯಿಲ್ಲದ, ಬಿಸಿಲು ಬಿದ್ದ ಬೆನ್ನು. ಅವಳಲ್ಲಿ ಸಿಟ್ಟೂ ಇರಲಿಲ್ಲ, ಅವಸರವೂ ಇರಲಿಲ್ಲ. ಅಪರಾಧಿ ಸಿಕ್ಕಿಬೀಳುವ ಅಧ್ಯಾಯವನ್ನು ನಾನು ಎಷ್ಟೋ ಪುಸ್ತಕಗಳಲ್ಲಿ ಬರೆದಿದ್ದೇನೆ, ಪ್ರತಿ ಸಲವೂ ಆ ನಡಿಗೆಯನ್ನು ಹಿಡಿಯಲು ಹೊರಟು ಸೋತಿದ್ದೇನೆ. ನೀರಿನ ಅಂಚಿಗೆ ಹೋಗಿ ಅವಳು ಮಂಡಿಯೂರಿದಳು. ಎಲೆಯ ಅಂಚು ನೀರಿಗೆ ತಾಗಿತು.

"ತಾ ಇತ್ಲಾಗೆ" ಎಂದ ನಿಂಗರಾಜು.

ಅವನ ಬೀಡಿ ಎಲ್ಲಿ ಬಿತ್ತೆಂದು ನಾನು ನೋಡಲಿಲ್ಲ. ಅವನು ಏರಿ ಇಳಿದು ಬಂದು ಎರಡೂ ಕೈ ಚಾಚಿದ್ದ. ಪಾಟಿ ಎಲೆಯನ್ನು ಅವನ ಕೈಗಿಟ್ಟಳು, ಕೆಂಪಯ್ಯನವರಿಗೆ ಕೊಟ್ಟಷ್ಟೇ ಮರ್ಯಾದೆಯಿಂದ. ಅವನು ಕಣ್ಣಿಗೆ ಒತ್ತಿಕೊಂಡ. ಆ ಅಂಟು ಅವನ ರೆಪ್ಪೆಗೆ ಹತ್ತಿತು.

"ನಿಂದೇನ್ಲಾ ಅದು?" ಎಂದರು ಮೇಲೆ ನಿಂತಿದ್ದ ಕೆಂಪಯ್ಯ.

"ಎರಡೇ ಗಾಡಿ ಭಾವ. ನಮ್ಮೂರ ಆಲೆಮನೇಲಿ ಜಾಗ ಇರ್ನಿಲ್ಲ. ಇಲ್ಲಿ ನಿನ್ನ ಕಬ್ಬಿನ ಜೊತೆಗೆ ಸೇರಿಸ್ಬುಡವ ಅಂತ ಹೊಡ್ಕಂಡು ಬತ್ತಿದ್ದೆ. ಮದ್ದೂರಲ್ಲಿ ನಮ್ಮ ಸಡ್ಡಕನ ಮನೆ ಬೀಗರೂಟ. ತಡದ್ಬುಟ್ರು."

"ಗಾಡಿ ಬಿಸ್ಲಲ್ ಬುಟ್ಟು ಉಣ್ಣಕೆ ಕುಂತ್ಕಂಡ್ಯಾ? ಎಷ್ಟೊತ್ತು?"

"ಬಾಡೂಟ ಭಾವ. ಒಂದಿನಕ್ಕೆ ಮುಗೀತದಾ?"

ಜನರ ನಡುವೆ ಯಾರೋ ಕೆಮ್ಮಿದಂತೆ ನಕ್ಕರು. ಕೆಂಪಯ್ಯನವರು ನಗಲಿಲ್ಲ. ಅವನನ್ನು ಬೈಯಲೂ ಇಲ್ಲ. ಅಪ್ಪ ಅವರ ಹಿಂದೆ ನಿಂತಿದ್ದ, ಎರಡೂ ಕೈಗಳನ್ನು ಮುಂದೆ ಹಿಡಿದುಕೊಂಡು, ಈಗಷ್ಟೇ ತೊಳೆದವನಂತೆ. ಕೆಂಪಯ್ಯ ಅವನ ಕಡೆ ತಿರುಗಿ, "ನಾಳೆ ಒಲೆ ಹಾಕು. ಕಬ್ಬು ನಾನೇ ಎದ್ರುಗೆ ನಿಂತ್ಕಂಡು ಕಡಿಸ್ತೀನಿ" ಎಂದರು. ಅಪ್ಪ ತಲೆಯಾಡಿಸಿದ. ಪಾಟಿಗೆ ಅದು ಸಾಲಲಿಲ್ಲ. ಅವಳು ಕೆಂಪಯ್ಯನವರ ಎದುರಿಗೆ ಬಂದು ನಿಂತಳು.

"ಮಾತು ಅವನಿಗೆ ಅಂದಿದ್ದಲ್ಲ ಸಾಮಿ. ನನ್ನ ಸೊಸೆಗೆ ಅಂದಿದ್ದು. ಅವಳು ಅಲ್ಲಿ ಕೂತವ್ಳೆ."

ಮುಂದೆ ಆದುದನ್ನು ನಾನು ಯಾವ ಕಾದಂಬರಿಯಲ್ಲೂ ಬಳಸಿಲ್ಲ. ಬಳಸಿದರೆ ಯಾರೂ ನಂಬಲಾರರು. ಕೆಂಪಯ್ಯನವರು ನಮ್ಮ ಮನೆಯ ಕಡೆ ನಡೆದು ಬಂದರು. ನಾವು ಅವರ ಜಾಗದಲ್ಲಿ ಅಷ್ಟು ಕಾಲ ಇದ್ದರೂ ಅವರು ಒಂದು ದಿನವೂ ನಮ್ಮ ಜಗಲಿ ಮೆಟ್ಟಿರಲಿಲ್ಲ, ನಮ್ಮ ಕೈಯ ನೀರು ಕುಡಿದಿರಲಿಲ್ಲ. ಅಮ್ಮ ಗೋಣಿಗಳ ಪಕ್ಕದಿಂದ ಏಳಲಿಲ್ಲ. ಅವರು ಅವಳ ಮುಂದೆ ನಿಂತು, ಹೆಗಲ ಟವೆಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡು, ಮತ್ತೆ ಮೊದಲಿನ ಹೆಗಲಿಗೇ ಹಾಕಿಕೊಂಡರು. ತಪ್ಪಾಯಿತು ಎಂಬ ಮಾತು ಬರುತ್ತದೆಂದು ನಾನು ಕಾದೆ. ಅದು ಬರಲಿಲ್ಲ. ಅದು ಬರಲಿಲ್ಲವೆಂಬುದನ್ನು ನಾನು ಇಂದಿಗೂ ಅವರ ಹೆಸರಿನ ಮುಂದೆ ಬರೆದಿಟ್ಟಿದ್ದೇನೆ.

"ಇವತ್ತೇನವ್ವ ಅಡ್ಗೆ?" ಎಂದರು.

"ಒಲೆ ಹಚ್ಚಿಲ್ಲ" ಎಂದಳು ಅಮ್ಮ, ಕನ್ನಡದಲ್ಲಿ.

"ಹಚ್ಚು. ಉಣ್ಕಂಡೇ ಓಯ್ತೀನಿ."

ಹೇಳಿ ಅವರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತರು. ಇಡೀ ಊರು ನೋಡುತ್ತಿತ್ತು. ಅಮ್ಮ ಎದ್ದು, ಒಂದು ಗೋಣಿಯ ಬಾಯಿ ಬಿಚ್ಚಿ, ಒಂದೊಂದೇ ಪಾತ್ರೆಯನ್ನು ಹೊರಗೆ ತೆಗೆದಳು. ಒಂದೊಂದನ್ನೂ ಬೂದಿ ಹಾಕಿ ಉಜ್ಜಿ ತೊಳೆದಳು. ಒಲೆಗೆ ಸೌದೆ ಜೋಡಿಸಿದಳು, ಸರಿಯಿಲ್ಲವೆಂದು ತೆಗೆದು ಮತ್ತೆ ಜೋಡಿಸಿದಳು. ಅಕ್ಕಿಯನ್ನು ಮೊರಕ್ಕೆ ಹಾಕಿ, ಕಲ್ಲೇ ಇಲ್ಲದ ಆ ಅಕ್ಕಿಯಲ್ಲಿ ಕಲ್ಲು ಹುಡುಕಿದಳು. ಅಪ್ಪ ಬಾಗಿಲಲ್ಲಿ ನಿಂತು ಬೇಗ ಬೇಗ ಎಂದು ಕಣ್ಣಲ್ಲೇ ಬೇಡುತ್ತಿದ್ದ. ಅಮ್ಮ ಅವನ ಕಡೆ ನೋಡಲಿಲ್ಲ. ಬಿಸಿಲು ಜಗಲಿಯ ಅಂಚಿನಿಂದ ಕೆಂಪಯ್ಯನವರ ಪಾದಕ್ಕೆ, ಪಾದದಿಂದ ಮೊಣಕಾಲಿಗೆ ಏರಿತು. ಆ ದೊಡ್ಡ ಮನುಷ್ಯರು ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ, ಒಮ್ಮೆಯೂ ಆಯಿತೇ ಎಂದು ಕೇಳದೆ ಕೂತಿದ್ದರು. ಅಮ್ಮ ಒರಳಿನ ಮುಂದೆ ಕೂತು, ನುಣ್ಣಗಾಗಿದ್ದ ಖಾರವನ್ನು ಇನ್ನೊಂದು ಸಲ ಅರೆದಳು.